ಡಿ-ಡೈಮರ್ ಪರೀಕ್ಷೆ: ‘ಇಲ್ಲ’ ಎಂಬ ಉತ್ತರದ ಬೆಲೆ

ಕಳೆದ ವರ್ಷ ಮಹಾಂತೇಶ ನಗರದ ನಮ್ಮ ಓಣಿಯಲ್ಲಿ 78 ವರ್ಷದ ಅಜ್ಜಿಯೊಬ್ಬರ ಎಡಗಾಲು ಊದಿಕೊಂಡಿತು. ಮನೆಯವರು ವೈದ್ಯರಿಗೆ ತೋರಿಸುವ ಮೊದಲೇ ‘ಡಿ-ಡೈಮರ್’ ರಕ್ತಪರೀಕ್ಷೆ ಮಾಡಿಸಿದರು. 2020-21ರ ಕೊರೋನಾ ಹಾವಳಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಹೆಸರದು. ವರದಿಯಲ್ಲಿ ಮಿತಿ 500, ಅಜ್ಜಿಯದು 740. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಮನೆಯಲ್ಲಿ ಅಳು ಹತ್ತಿತು. ಮರುದಿನ ಡಾಪ್ಲರ್ ಸ್ಕ್ಯಾನ್ ಆಯಿತು. ಹೆಪ್ಪು ಎಲ್ಲಿಯೂ ಇರಲಿಲ್ಲ. ಇದ್ದುದು ಚರ್ಮದ ಸೋಂಕು.

ಹಾಗಾದರೆ ಪರೀಕ್ಷೆ ಸುಳ್ಳೇ? ಅಲ್ಲ, ನಾವು ಅದನ್ನು ಕೇಳಿದ ಪ್ರಶ್ನೆಯೇ ತಪ್ಪು. ಹೆಪ್ಪಿಗೆ ಆಧಾರವಾದ ಫೈಬ್ರಿನ್ ಎಳೆಗಳನ್ನು ದೇಹವು ಕರಗಿಸುವಾಗ ಉಳಿಯುವ ತುಣುಕೇ ಡಿ-ಡೈಮರ್. ಅದು ಸೋಂಕಿನಲ್ಲಿ, ಗರ್ಭಿಣಿಯರಲ್ಲಿ, ಶಸ್ತ್ರಕ್ರಿಯೆಯ ತರುವಾಯ, ಅರ್ಬುದರೋಗದಲ್ಲಿ, ಬರಿಯ ವಯಸ್ಸಿನಿಂದಲೂ ಏರುತ್ತದೆ. ಆದುದರಿಂದಲೇ ಅನೇಕ ವೈದ್ಯರು 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿಯನ್ನು ಗೊತ್ತುಮಾಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಅಜ್ಜಿಯ ಮಿತಿ 780! (ಪ್ರಯೋಗಶಾಲೆಗಳು ಬಳಸುವ ಮಾನವೂ ಒಂದೇ ಅಲ್ಲ, ಅಂಕೆಯನ್ನಷ್ಟೇ ನೋಡಿ ಹೆದರುವವರು ಇದನ್ನು ಗಮನಿಸಬೇಕು.)

ಈ ಪರೀಕ್ಷೆಯ ‘ಹೌದು’ ದುರ್ಬಲ, ‘ಇಲ್ಲ’ ಬಲವಾದುದು. ಆದರೆ ಆ ‘ಇಲ್ಲ’ವನ್ನು ನಂಬಬೇಕಾದರೆ ವೈದ್ಯರು ಮೊದಲು ಕಾಲನ್ನು ಮುಟ್ಟಿ ನೋಡಿರಬೇಕು. ಕೆನಡಾದ ವೈದ್ಯ ವೆಲ್ಸ್ ಅವರ ಹೆಸರಿನ ಅಂಕಪಟ್ಟಿಯೊಂದಿದೆ. ರೋಗಿ ಇತ್ತೀಚೆಗೆ ಹಾಸಿಗೆ ಹಿಡಿದಿದ್ದರೇ? ಅರ್ಬುದರೋಗವಿದೆಯೇ? ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ಊದಿದೆಯೇ? ಇದಕ್ಕೆ ದರ್ಜಿಯ ಟೇಪೊಂದು ಸಾಕು. ಬೇರೆ ಕಾಯಿಲೆಯೇ ಇರಬಹುದೆನಿಸಿದರೆ ಎರಡು ಅಂಕ ಕಳೆಯಬೇಕು. ಸಂಶಯ ಕಡಿಮೆಯಿದ್ದು ಡಿ-ಡೈಮರ್ ಕೂಡ ಮಿತಿಯೊಳಗಿದ್ದರೆ ಸ್ಕ್ಯಾನ್ ಬೇಕಿಲ್ಲ. ಸಂಶಯ ಬಲವಾಗಿದ್ದರೆ ವರದಿ ಏನೇ ಹೇಳಲಿ, ಸ್ಕ್ಯಾನ್ ಆಗಲೇಬೇಕು. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ಇದು ಖಾನಾಪುರದ ಕಾಡಂಚಿನ ಹಳ್ಳಿಗಳವರಿಗೆ ನಗರದವರಿಗಿಂತ ಹೆಚ್ಚು ಸಲ್ಲುವ ಮಾತು. ಸ್ಕ್ಯಾನಿಗೆಂದು ಬೆಳಗಾವಿಗೆ ಬಂದರೆ ರೋಗಿಯ ಜೊತೆಗೆ ಬಂದವರ ದಿನಗೂಲಿಯೂ ಹೋಯಿತು. ಟೇಪು ಹಿಡಿದು ಕಾಲು ಅಳೆಯುವ ವೈದ್ಯರೂ ಈ ರಕ್ತಪರೀಕ್ಷೆಯೂ ತಾಲೂಕಿನಲ್ಲಿ ಒಟ್ಟಿಗೆ ದೊರೆತರೆ ಎಷ್ಟೋ ಜನರಿಗೆ ಆ ಪ್ರಯಾಣ ತಪ್ಪೀತು. ನಿಜವಾಗಿ ಬರಬೇಕಾದವರು ಅದೇ ದಿನ ಬಸ್ಸು ಹತ್ತಿಯಾರು. ನಮ್ಮ ಓಣಿಯವರಂತೆ ವರದಿ ಹಿಡಿದು ವೈದ್ಯರನ್ನು ಹುಡುಕುವ ಪದ್ಧತಿಯಿಂದ ಈ ಎರಡೂ ಆಗವು.