ಅಡಗಿಸಿಟ್ಟವರು ಯಾರು ಸ್ವಾಮಿ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊನ್ನೆ ಆಫೀಸಲ್ಲಿ ಟೀ ಹೊತ್ತಿಗೆ ನಮ್ಮ ಸೆಕ್ಷನ್ನಿನ ಹುಡುಗನೊಬ್ಬ ಮೊಬೈಲಲ್ಲಿ ಒಂದು ರೀಲ್ ತೋರಿಸಿದ. ಬೆನ್ನಿಗೆ ದೊಡ್ಡ ಬ್ಯಾಗು ಹಾಕ್ಕೊಂಡ ಯುವಕ ಯಾವುದೋ ಪಾಳುಬಿದ್ದ ಮಂಟಪದ ಮುಂದೆ ನಿಂತು ಹೇಳ್ತಿದ್ದ: ಪ್ಲಾನ್ ಮಾಡಬೇಡಿ, ಸುಮ್ನೆ ಒಬ್ಬರೇ ಹೊರಡಿ. ಹಳ್ಳಿಯಲ್ಲಿ ಯಾರ ಮನೆ ಬಾಗಿಲು ಬೇಕಾದ್ರೂ ತಟ್ಟಿ, ನೀರು ಕೊಡ್ತಾರೆ, ಊಟಾನೂ ಹಾಕ್ತಾರೆ, ಯಾರೂ ಏನೂ ಕೇಳಲ್ಲ. ಹಾದಿಯಲ್ಲಿ ಎಂಥೆಂಥ ಕಲೆ ಸಿಗುತ್ತೆ ಅಂದ್ರೆ, ಎಲ್ಲಾ ಹಿಡನ್ ಜೆಮ್ಸ್!

"ಯಾರೂ ಏನೂ ಕೇಳಲ್ಲ ಅಂತ ಇವನಿಗೆ ಹೇಳಿದ್ಯಾರು?" ಅಂದೆ.

ಪಕ್ಕದ ಟೇಬಲ್ಲಿನ ಹಿರಿಯರು ಲೋಟ ಕೆಳಗಿಟ್ಟು, "ಟೂರಲ್ಲೂ ಜಾತಿ ತಂದ್ರಾ? ಕಲೇನ ಕಲೆಯಾಗಿ ನೋಡೋದು ಕಲೀರಿ ಸಾರ್" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು. ಅಲ್ಲಿ ಹೇಳದೆ ನುಂಗಿಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ನಾನೂ ಒಬ್ಬನೇ ಸುತ್ತೋನು. ಎರಡನೇ ಶನಿವಾರ, ಭಾನುವಾರ, ಅದಕ್ಕೊಂದು ಸಿ.ಎಲ್. ಸೇರಿಸಿದರೆ ಮೂರು ದಿನ. ರಾತ್ರಿ ರೈಲು, ಸ್ಲೀಪರ್ ಟಿಕೆಟ್, ಬಸ್‌ಸ್ಟ್ಯಾಂಡ್ ಹೋಟೆಲಿನ ಊಟ. ಎಫ್‌ಡಿಎ ಸಂಬಳದಲ್ಲಿ ಇದಕ್ಕಿಂತ ದೊಡ್ಡ ಪ್ರವಾಸ ಆಗಲ್ಲ, ಬೇಕಾಗೂ ಇಲ್ಲ. ಹಂಗೆ ಸುಮಾರು ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದು, ಬಸ್ಸು ಆಟೋ ಹಿಡಿದು ಸನ್ನತಿಗೆ ಹೋದೆ. ಕಲಬುರಗಿ ಜಿಲ್ಲೆ, ಭೀಮಾ ನದಿ ದಂಡೆ. ನದಿ ಹೆಸರು ಕೇಳಿಯೇ ಅರ್ಧ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬಿಎನಲ್ಲಿ ನಾನು ಓದಿದ್ದು ಇತಿಹಾಸಾನೇ. ಅಶೋಕ ಅಂದ್ರೆ ಕಳಿಂಗ ಯುದ್ಧ, ಧರ್ಮಚಕ್ರ, ಐದು ಅಂಕದ ಟಿಪ್ಪಣಿ. ಸನ್ನತಿ ಅನ್ನೋ ಹೆಸರನ್ನ ನಮ್ಮ ಮೇಷ್ಟ್ರು ಒಂದು ಸಲಾನೂ ಎತ್ತಲಿಲ್ಲ. ಆ ಜಾಗದ ಬೌದ್ಧ ಅವಶೇಷಗಳ ಕಡೆ ಕಪಟರಾಳ ಕೃಷ್ಣರಾಯರು 1954ರಲ್ಲೇ ಬೆರಳು ಮಾಡಿದ್ದರು. ನನಗೆ ಗೊತ್ತಾಗಿದ್ದು ನೌಕರಿಗೆ ಸೇರಿ ಎಷ್ಟೋ ವರ್ಷದ ಮೇಲೆ, ಸಂಘಟನೆಯ ಗೆಳೆಯರೊಬ್ಬರು ಕೊಟ್ಟ ಜೆರಾಕ್ಸ್ ಹಾಳೆಯಿಂದ.

ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನ ಇದೆ. ಅದೇ ಆವರಣದಲ್ಲಿ ಒಂದು ಕಾಳಿ ಗುಡಿ ಇತ್ತು. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮಣ್ಣು ಕಲ್ಲು ತೆಗೆದಾಗ ಮೂರ್ತಿ ಕೆಳಗಿನ ಪೀಠದ ಕಲ್ಲಿನ ಮೇಲೆ ಅಕ್ಷರ ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಶೋಕನ ಶಾಸನ! ಒಂದು ಮುಖದಲ್ಲಿ 12 ಮತ್ತು 14ನೇ ಶಿಲಾಶಾಸನ, ಇನ್ನೊಂದು ಮುಖದಲ್ಲಿ ಎರಡು ಪ್ರತ್ಯೇಕ ಶಾಸನ. ಮೂರ್ತಿ ಭದ್ರವಾಗಿ ಕೂರಲಿ ಅಂತ ಆ ಕಲ್ಲಿನ ನಡುವಿಗೇ ತೂತು ಕೊರೆದಿದ್ದರು. ತೂತು ಬಿದ್ದ ಕಡೆ ಅಕ್ಷರ ಹೋಗಿವೆ.

12ನೇ ಶಾಸನ ಹೇಳೋದೇನು ಗೊತ್ತಾ? ನಿನ್ನ ಮತ ಹೊಗಳಿಕೊಳ್ಳೋಕೆ ಇನ್ನೊಬ್ಬರ ಮತ ಹಳೀಬೇಡ ಅಂತ. ಅದರ ಎದೆಗೇ ಉಳಿ ಇಟ್ಟಿದ್ದಾರೆ. ಪ್ರತ್ಯೇಕ ಶಾಸನದಲ್ಲಿ ಅಧಿಕಾರಿಗಳಿಗೆ ಎಚ್ಚರಿಕೆ ಇದೆ: ಹೊಟ್ಟೆಕಿಚ್ಚು, ಸಿಟ್ಟು, ಆತುರ, ಸೋಮಾರಿತನ ಬಿಡಿ, ಜನರನ್ನ ಸುಮ್ಮನೆ ಹಿಂಸಿಸಬೇಡಿ ಅಂತ. (ಇದನ್ನ ಫ್ರೇಮ್ ಹಾಕಿಸಿ ನಮ್ಮ ಟಪಾಲು ಸೆಕ್ಷನ್ನಿನ ಗೋಡೆಗೆ ನೇತುಹಾಕಬೇಕು ಅಂತ ಬಹಳ ದಿನದಿಂದ ಆಸೆ.)

ಕಾಳಮ್ಮನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮಜ್ಜಿ ಸಾಯೋತನಕ ಮಾರಮ್ಮನಿಗೆ ನಡ್ಕೊಂಡೋಳು. ನನ್ನ ಪ್ರಶ್ನೆ ರೀಲಿನ ಹುಡುಗನಿಗೆ. ಹಿಡನ್ ಅಂತೀಯಲ್ಲಪ್ಪ, ತಾನಾಗೇ ಅಡಗಿತ್ತಾ ಅದು? ಕಲ್ಲಿಗೆ ಕಾಲಿದೆಯಾ, ಎದ್ದು ಹೋಗಿ ಪೀಠದ ಕೆಳಗೆ ಬಚ್ಚಿಟ್ಟುಕೊಳ್ಳೋಕೆ? ಯಾರೋ ಎತ್ತಿದರು, ಯಾರೋ ಕೊರೆದರು, ಯಾರೋ ಮುಚ್ಚಿದರು. ಚಾವಣಿ ಬೀಳದೆ ಹೋಗಿದ್ರೆ ಇವತ್ತಿಗೂ ಅದರ ಮೇಲೆ ಎಣ್ಣೆ ಕುಂಕುಮ ಸುರೀತಿತ್ತು.

ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಕನಗನಹಳ್ಳಿ. 1994ರಿಂದ ಅಲ್ಲಿ ಅಗೆತ ನಡೆದು ಒಂದು ಮಹಾಸ್ತೂಪವೇ ಸಿಕ್ಕಿತು. ಅಧೋಲೋಕ ಮಹಾಚೈತ್ಯ ಅಂತಾರೆ. ನಾನು ಹೋದಾಗ ಮಧ್ಯಾಹ್ನದ ಬಿಸಿಲು. ಸುಣ್ಣಕಲ್ಲಿನ ಫಲಕಗಳನ್ನ ಸಾಲಾಗಿ ಇಟ್ಟಿದ್ದರು. ನಾನು, ಒಬ್ಬ ಕಾವಲುಗಾರ, ನಾಲ್ಕು ಮೇಕೆ, ಅಷ್ಟೇ ಜನ. ಆನೆ, ಮರ, ಚಕ್ರ, ಪಾದ, ಜಾತಕ ಕಥೆಗಳು, ಶಾತವಾಹನ ರಾಜರು. ಯಾರು ಯಾರು ಅಂತ ಕೆಳಗೇ ಹೆಸರು ಕೆತ್ತಿದ್ದಾರೆ. ಒಂದು ಫಲಕದ ಮುಂದೆ ಕಾವಲುಗಾರ ನಿಂತು "ಇದ ನೋಡ್ರಿ ನಿಮ್ಮ ಅಶೋಕ" ಅಂದ.

ರಾಜ ನಿಂತಿದ್ದಾನೆ, ಜೊತೆಗೆ ರಾಣಿ, ಪಕ್ಕದಲ್ಲಿ ಛತ್ರಿ ಹಿಡಿದವರು, ಚಾಮರದವರು. ಬ್ರಾಹ್ಮಿಯಲ್ಲಿ ಬರಹ: ರಾಯ ಅಸೋಕೊ. ನೋಟಿನ ಮೇಲೆ ಅವನ ಸಿಂಹ ಇದೆ, ಬಾವುಟದ ಮೇಲೆ ಅವನ ಚಕ್ರ ಇದೆ, ಆದರೆ ಹೆಸರು ಬರೆದ ಅವನ ಚಿತ್ರ ಸಿಕ್ಕಿದ್ದು ಇಲ್ಲಿ, ನಮ್ಮ ಕರ್ನಾಟಕದಲ್ಲಿ. ಅವನದೇ ಶಾಸನಗಳಲ್ಲಿ ಅಶೋಕ ಅನ್ನೋ ಹೆಸರು ಮೊದಲ ಸಲ ಸಿಕ್ಕಿದ್ದೂ ನಮ್ಮ ಮಸ್ಕಿಯಲ್ಲೇ, 1915ರಲ್ಲಿ, ಚಿನ್ನದ ಗಣಿಯ ಇಂಜಿನಿಯರ್ ಒಬ್ಬರ ಕಣ್ಣಿಗೆ. ನಾನು ಆ ಫಲಕದ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಬಾಟಲಿಯ ನೀರು ಅಲ್ಲೇ ಖಾಲಿಯಾಯ್ತು.

ಈಗ ಕೇಳಿ. ವಾಪಸ್ ಬರುವಾಗ ದಾರಿಯ ಒಂದು ಊರಲ್ಲಿ, ಹೆಸರು ಬೇಡ, ಗಂಟಲು ಒಣಗಿ ಒಂದು ಮನೆ ಮುಂದೆ ನಿಂತೆ. ಕಟ್ಟೆ ಮೇಲೆ ವಯಸ್ಸಾದ ಅಮ್ಮ ಕಾಳು ಆರಿಸ್ತಾ ಕೂತಿದ್ರು. ನೀರು ಕೇಳಿದೆ.

"ಯಾವೂರಪಾ?"

"ತುಮಕೂರು ಕಡೆ ಅಮ್ಮ."

"ಯಾವ ಮಂದಿ?"

"ಸರ್ಕಾರಿ ನೌಕರಿ ಅಮ್ಮ."

ಅವರು ನಕ್ಕರು. "ನೌಕರಿ ಕೇಳಿಲ್ಲೋ ತಮ್ಮಾ, ಮಂದಿ ಕೇಳೀನಿ."

ನಾನು ಸುಳ್ಳು ಹೇಳಿದೆ. ಬೇರೆ ಜಾತಿ ಹೆಸರು ಹೇಳಿದೆ. ಇಪ್ಪತ್ತು ವರ್ಷ ಸಂಘಟನೆಯಲ್ಲಿದ್ದೋನು, ವೇದಿಕೆ ಮೇಲೆ ಮೈಕ್ ಹಿಡಿದು ಸ್ವಾಭಿಮಾನ ಅಂತ ಅರಚಿದೋನು, ಒಂದು ತಂಬಿಗೆ ನೀರಿಗೆ ಸುಳ್ಳು ಹೇಳಿದೆ. ಒಳಗಿಂದ ತಣ್ಣನೆ ನೀರು ಬಂತು, ಜೊತೆಗೆ ಬೆಲ್ಲ ಬಂತು, "ರೊಟ್ಟಿ ತಿಂದು ಹೋಗಪಾ" ಅನ್ನೋ ಮಾತೂ ಬಂತು. ರೀಲಿನ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ ನೋಡಿ. ಕೊಡ್ತಾರೆ, ಪ್ರೀತಿಯಿಂದಾನೇ ಕೊಡ್ತಾರೆ. ಆ ನೀರು ನನ್ನ ಬಾಯಿಗೆ ಬಂದಿದ್ದು ನಾನು ಹೇಳಿದ ಜಾತಿಯ ಹೆಸರಿಗೆ. ಮೊಬೈಲಲ್ಲಿ ಅಶೋಕನ ಇಪ್ಪತ್ತು ಫೋಟೋ ಇತ್ತು ಆಗ.

ಆ ರಾತ್ರಿ ರೈಲಲ್ಲಿ ನಿದ್ದೆ ಬರಲಿಲ್ಲ. ನೆನಪಾಗಿದ್ದು ಬಾಬಾಸಾಹೇಬರು. 1934ರಲ್ಲಿ ಅವರು ಮೂವತ್ತರಷ್ಟು ಸಂಗಾತಿಗಳ ಜೊತೆ ವೇರೂಳದ, ಅಂದ್ರೆ ಎಲ್ಲೋರಾದ ಬೌದ್ಧ ಗುಹೆ ನೋಡೋಕೆ ಹೊರಟಿದ್ದರು. ಕಲೆ ನೋಡೋಕೇ ಸ್ವಾಮಿ, ಚಳವಳಿಗಲ್ಲ. ಆಗ ಅದು ನಿಜಾಮರ ರಾಜ್ಯ, ಇದೇ ಸನ್ನತಿ ಇದ್ದ ರಾಜ್ಯ. ದಾರಿಯಲ್ಲಿ ತೊಂದರೆ ಬೇಡ ಅಂತ, ತಂಗೋ ಜಾಗ ಬಿಟ್ಟು ಬೇರೆಲ್ಲೂ ತಾವು ಯಾರು ಅಂತ ಹೇಳಬಾರದು ಅಂತಲೇ ತೀರ್ಮಾನ ಮಾಡಿಕೊಂಡಿದ್ದರು. ದೌಲತಾಬಾದ್ ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಧೂಳು ಮೆತ್ತಿದ ಕೈಕಾಲು ಮುಖ ತೊಳೆದುಕೊಂಡರು. ಅಷ್ಟಕ್ಕೇ ಅಲ್ಲಿಯ ಮುಸ್ಲಿಮರು ಗುಂಪುಗೂಡಿ ಕೊಳ ಮೈಲಿಗೆ ಆಯ್ತು ಅಂತ ಬೈದರು. ಕೊನೆಗೆ ಕೋಟೆ ನೋಡೋಕೆ ಬಿಟ್ಟರು, ಜೊತೆಗೆ ಒಬ್ಬ ಬಂದೂಕಿನ ಸಿಪಾಯಿ, ಒಳಗೆಲ್ಲೂ ನೀರು ಮುಟ್ಟದ ಹಾಗೆ ಕಾಯೋಕೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದು, ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದ ಮೇಲೆ ನಡೆದದ್ದು ಇದು. ಪುಸ್ತಕದ ಹೆಸರಲ್ಲೇ ಇದೆ ನೋಡಿ, ಸ್ವಂತ ದೇಶ ಸುತ್ತೋಕೆ ವೀಸಾ. ಟೂರಲ್ಲಿ ಜಾತಿ ತಂದೋರು ಅವರಾ?

ಇನ್ನು 'ಕಲೇನ ಕಲೆಯಾಗಿ ನೋಡಿ' ಅನ್ನೋ ಬುದ್ಧಿಮಾತು. ನೋಡೋಣ. ಆಂಧ್ರದ ಅಮರಾವತಿಗೆ ಹೋಗಿದ್ದೆ. ಒಂದು ಕಾಲಕ್ಕೆ ದೊಡ್ಡ ಸ್ತೂಪ ಇದ್ದ ಜಾಗ, ಈಗ ಹೆಚ್ಚುಕಡಿಮೆ ದಿಬ್ಬ. 1798ರ ಹೊತ್ತಿಗೆ ಕರ್ನಲ್ ಮೆಕೆಂಜಿ ಅಲ್ಲಿಗೆ ಬಂದಾಗ ಅಲ್ಲಿಯ ಜಮೀನ್ದಾರರ ಕಡೆಯವರು ಕಲ್ಲು ಕಿತ್ತು ಕಟ್ಟಡಕ್ಕೆ ಸಾಗಿಸ್ತಿದ್ದರು. ಎಷ್ಟೋ ಫಲಕಗಳನ್ನ ಸುಟ್ಟು ಸುಣ್ಣ ಮಾಡಿದರು. ಉಳಿದವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೂ ಚೆನ್ನೈ ಮ್ಯೂಸಿಯಮ್ಮಿಗೂ ಹೋದವು. ಹೀಗೆ ಉಳಿದ ಕಲ್ಲುಗಳಲ್ಲಿ ಒಂದು, ಪೂರ್ಣಘಟ ಕೆತ್ತಿದ ಫಲಕ. ಅದನ್ನ ಮಾಡಿಸಿಕೊಟ್ಟವನು ವಿಧಿಕ ಅನ್ನೋ ಚಮ್ಮಕಾರ. ಚಮ್ಮಕಾರ, ಅಂದ್ರೆ ತೊಗಲಿನ ಕೆಲಸದವನು. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಗ, ಹೆಣ್ಣುಮಕ್ಕಳು, ನೆಂಟರು, ಎಲ್ಲರನ್ನೂ ಸೇರಿಸಿಕೊಂಡು ಕೊಟ್ಟ ದಾನ ಅಂತ ಕೆತ್ತಿಸಿದ್ದಾನೆ. ಅಪ್ಪ ನಾಗ, ಉಪಾಧ್ಯಾಯ.

ಅವತ್ತಿನ ಚಮ್ಮಕಾರ ಇವತ್ತಿನ ನಮ್ಮ ಜಾತಿಯೇ ಅಂತ ನಾನು ಪಟ್ಟು ಹಿಡಿಯಲ್ಲ, ಕಾಲ ಬಹಳ ದೂರದ್ದು. ಆದರೆ ಕಸುಬು ಅದೇ. ನಮ್ಮ ತಾತ ಮಾಡ್ತಿದ್ದದ್ದೂ ಅದೇ, ಹದ ಹಾಕೋದು, ಮೆಟ್ಟು ಹೊಲಿಯೋದು, ಬಾನಿಗೆ ಬಕೆಟ್ ನೀರು ಹೊರೋದು. ನಮ್ಮ ತಾತನಿಗೆ ಊರ ಗುಡಿಯ ಮೆಟ್ಟಿಲ ಮೇಲೆ ಕಾಲಿಡೋಕೆ ಬಿಡ್ತಿರಲಿಲ್ಲ. ಆ ಚಮ್ಮಕಾರ ಮಹಾಸ್ತೂಪಕ್ಕೆ ಕಲ್ಲು ಕೊಟ್ಟು, ಮನೆಮಂದಿ ಹೆಸರು ಕೆತ್ತಿಸಿ, ತಾನೂ ಇದ್ದೆ ಅಂತ ಹೇಳಿ ಹೋಗಿದ್ದಾನೆ. ಈ ಕಲ್ಲನ್ನ ಬರೀ ಬಳ್ಳಿ, ಹೂವು, ಕಲಶದ ಅಂದ ಅಂತ ನೋಡಿ ಮುಂದೆ ಹೋಗೋದಾ ನಾನು? ನನಗಾಗಲ್ಲ. ನೀವು ಹೋಗ್ತೀರಿ, ಹೋಗಿ.

ಇನ್ನೊಂದು ಕಲೆ ಇದೆ, ಅದನ್ನಂತೂ ಯಾವ ಟ್ರಾವೆಲ್ ಹುಡುಗನೂ ವಿಡಿಯೋ ಮಾಡಿದ್ದು ನಾನು ನೋಡಿಲ್ಲ. ಬಸ್ ಕಿಟಕಿಯಿಂದ ನೋಡ್ತಾ ಹೋಗಿ, ಊರೂರಿಗೆ ಸಿಗುತ್ತೆ. ಕೇರಿ ಬಾಯಲ್ಲಿ ನೀಲಿ ಸೂಟು, ಕೈಯಲ್ಲಿ ಪುಸ್ತಕ, ಎತ್ತಿದ ಬೆರಳು. ಒಂದೂರಲ್ಲಿ ಬಾಬಾಸಾಹೇಬರಿಗೆ ನಮ್ಮ ಮಾವನ ಮೂಗು, ಇನ್ನೊಂದೂರಲ್ಲಿ ಕನ್ನಡಕ ಮುಖಕ್ಕಿಂತ ದೊಡ್ಡದು. ಬೋರ್ಡ್ ಬರೆಯೋ ಹುಡುಗರು, ಗಣೇಶನ ಮಾಡೋ ಕೈಗಳು, ಒಂದು ಹಳೇ ಕ್ಯಾಲೆಂಡರ್ ಫೋಟೋ ಮುಂದಿಟ್ಟುಕೊಂಡು ಮಾಡಿದ್ದು. ಕೂಲಿ ಜನ ಐವತ್ತು ನೂರು ಹಾಕಿ ಮಾಡಿಸಿದ್ದು. ತಮಿಳುನಾಡಿನಲ್ಲಿ ಎಷ್ಟೋ ಕಡೆ ಆ ಪ್ರತಿಮೆಗೆ ಕಬ್ಬಿಣದ ಪಂಜರ ಹಾಕಿದ್ದಾರೆ, ಒಡೆದು ಹಾಕ್ತಾರೆ ಅನ್ನೋ ಭಯಕ್ಕೆ. ವಿದೇಶದ ಗೋಡೆ ಚಿತ್ರ ನೋಡಿ ಸ್ಟ್ರೀಟ್ ಆರ್ಟ್ ಅಂತ ಕಣ್ಣರಳಿಸೋರು, ಪಂಜರದೊಳಗಿನ ಪ್ರತಿಮೆ ಮುಂದೆ ಬೈಕು ಒಂದ್ನಿಮಿಷ ನಿಲ್ಲಿಸಿದ್ದರೆ ಹೇಳಿ, ನನ್ನ ಮಾತು ವಾಪಸ್ ತಗೋತೀನಿ.

ಆಫೀಸಿನ ಹಿರಿಯರೇ, ನಿಮಗೆ ಬೇಜಾರಾಗಿದ್ರೆ ನಾಳೆ ಟೀ ನನ್ನ ಲೆಕ್ಕ. ಆದರೆ ಮಾತು ವಾಪಸ್ ಇಲ್ಲ. ನಿಮ್ಮನ್ನ ಯಾರೂ "ಯಾವ ಮಂದಿ" ಅಂತ ಕೇಳಿಲ್ಲ ಅಂತಲ್ಲ, ಕೇಳಿದ್ದಾರೆ. ನೀವು ಉತ್ತರ ಹೇಳಿ ಒಳಗೆ ಹೋಗಿದ್ದೀರಿ, ಅದಕ್ಕೇ ನಿಮಗೆ ಆ ಪ್ರಶ್ನೆ ನೆನಪಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಇನ್ನೊಂದು ಕಾರಣ ಇದೆ. ನನ್ನ ಮಗಳು ಡಿಗ್ರಿ ಎರಡನೇ ವರ್ಷ. ದಸರಾ ರಜಕ್ಕೆ ಒಬ್ಬಳೇ ಸನ್ನತಿಗೆ ಹೋಗ್ತೀನಿ ಅಂತ ಹಟ. ಅವಳಮ್ಮನಿಗೆ ಹೆಣ್ಣುಮಗಳು ಒಬ್ಬಳೇ ಅನ್ನೋ ಭಯ. ನನಗೆ ಆ ಭಯಾನೂ ಇದೆ, ಇನ್ನೊಂದೂ ಇದೆ. ನೀರಿನ ಕಥೆ ಅವಳಿಗೆ ಹೇಳಿದೆ, ಸುಳ್ಳು ಹೇಳಿದ್ದನ್ನೂ ಬಿಡದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, "ನಾನು ಹೇಳ್ತೀನಪ್ಪ, ಅವರು ಏನು ಮಾಡ್ತಾರೋ ನೋಡೋಣ" ಅಂದಳು. ಬೇಡ ಅನ್ನೋಕೂ ಆಗಲಿಲ್ಲ, ಹೂಂ ಅನ್ನೋಕೂ ಆಗಲಿಲ್ಲ. ಟಿಕೆಟ್ ಮಾತ್ರ ಬುಕ್ ಮಾಡಿದ್ದೀನಿ.

ಹೋಗಬೇಕು ಅನ್ನೋರಿಗೆ: ಹತ್ತಿರದ ಸ್ಟೇಷನ್ ನಾಲವಾರ, ಅಲ್ಲಿಂದ ಸುಮಾರು 20 ಕಿ.ಮೀ. ಎಲ್ಲಾ ರೈಲೂ ನಿಲ್ಲಲ್ಲ, ಯಾದಗಿರಿಯಲ್ಲಿ ಇಳಿದರೂ ಆಗುತ್ತೆ. ಬೇಸಿಗೆಯಲ್ಲಿ ಬೇಡ. ಕನಗನಹಳ್ಳಿಯಲ್ಲಿ ಸ್ತೂಪ ಮರುಜೋಡಣೆ ಕೆಲಸ ಹಿಡಿದಿದ್ದರು, ಕಲ್ಲು ಮುಟ್ಟಬೇಡಿ. ಕಲಬುರಗಿ ಕಡೆಯ ಗೆಳೆಯರು ಯಾರಾದ್ರೂ ದಸರಾ ಹೊತ್ತಿಗೆ ಊರಲ್ಲಿದ್ರೆ ಇನ್‌ಬಾಕ್ಸಿಗೆ ಬನ್ನಿ, ಮಗಳ ನಂಬರ್ ಕೊಡ್ತೀನಿ. ನೀರು ಎರಡು ಬಾಟಲಿ ತಗೊಂಡು ಹೋಗಿ.

ಜೈಭೀಮ್.