ಅನ್ನ ಮತ್ತು ಇಂಧನ

ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ. 20ಕ್ಕೆ ತಲುಪಿತೆಂದು ಕೇಂದ್ರ ಸರಕಾರವು ಹೆಮ್ಮೆಪಟ್ಟಿತು. ಆದರೆ ಅದಕ್ಕಾಗಿ ಕಬ್ಬು, ಮೆಕ್ಕೆಜೋಳಗಳ ಜೊತೆಗೆ ಆಹಾರ ನಿಗಮದ ಅಕ್ಕಿಯನ್ನೂ ಬಳಸಲಾಯಿತು. ಡೀಸೆಲಿಗೆ ಬೆರೆಯುವ ಬಯೋಡೀಸೆಲ್ ಹಾಗಲ್ಲ. ಹೊಂಗೆ ಬೀಜದಿಂದಲೂ, ಹೋಟೆಲುಗಳಲ್ಲಿ ಕರಿದುಳಿದ ಎಣ್ಣೆಯಿಂದಲೂ ಅದನ್ನು ತಯಾರಿಸಬಹುದು. ಅದು ದೇಶದ ಬೇಡಿಕೆಯನ್ನೆಲ್ಲ ಪೂರೈಸಲಾರದು, ನಿಜ. ಆದರೆ ಯಾರ ತುತ್ತನ್ನೂ ಕಸಿಯದು.

ಹಾಗೆಂದು ಅದನ್ನು ಮನೆಯಲ್ಲೇ ತಯಾರಿಸಹೊರಡುವುದು ವಿವೇಕವಲ್ಲ. ಅದಕ್ಕೆ ಬೇಕಾದ ಮೆಥನಾಲ್ ವಿಷ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ. ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಯ ನಮ್ಮ ಹೋಟೆಲ್ ಮಾಲಕರಲ್ಲಿ ನಾವು ಕೇಳಿಕೊಳ್ಳುವುದಿಷ್ಟೇ: ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಗಿರಾಕಿಗಳಿಗೆ ಉಣಿಸದಿರಿ, ಚರಂಡಿಗೂ ಸುರಿಯದಿರಿ. ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗಾಗಿ ಸಂಗ್ರಹಿಸುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲೇ ಆರಂಭಿಸಿದೆ. ಅದಕ್ಕೆ ಒಪ್ಪಿಸಿರಿ. ಗಿರಾಕಿಯ ಆರೋಗ್ಯವೂ ವ್ಯಾಪಾರಿಯ ಹೊಣೆಯೇ.