ಕೆಟ್ಟ ಕಡತವೂ ಅಮಾನತ್ತಿನ ಪ್ರಶ್ನೆಯೂ

ನಮ್ಮ ಸಮುದಾಯದ ಅನೇಕ ಯುವಕ ಯುವತಿಯರು ಇಂದು ಮನೆಯಲ್ಲಿಯೇ ಕುಳಿತು ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಮಳೆಗಾಲದ ಒಂದು ಸಂಜೆ ವಿದ್ಯುತ್ ಕಡಿತಗೊಂಡು ಕಂಪ್ಯೂಟರ್ ಹಠಾತ್ತನೆ ಸ್ತಬ್ಧವಾದರೆ, ತಿಂಗಳುಗಳ ದುಡಿಮೆ ಓದಲಾಗದ ಸ್ಥಿತಿಗೆ ಬರುವುದುಂಟು. ಆಗ ಮನೆಯ ಹಿರಿಯರು ‘ಅಲ್ಲಾಹನ ವಿಧಿ, ಸಬ್ರ್ ಮಾಡು’ ಎಂದು ಸಂತೈಸುತ್ತಾರೆ. ಸಹನೆಯ ಮಾತು ಒಳ್ಳೆಯದೇ. ಆದರೆ ಆ ಕೆಲಸವನ್ನು ಬೇರೊಬ್ಬರಿಂದ ವೇತನ ಪಡೆದು ಮಾಡಿದ್ದಾದರೆ ಅದು ಅಮಾನತ್ತು. ವಿಧಿಯ ಹೆಸರು ಹೇಳಿದ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ.

ಕಡತವನ್ನು ಉಳಿಸಿದೆನೆಂದು ಕಂಪ್ಯೂಟರ್ ಹೇಳಿದಾಗ ಅದು ಡಿಸ್ಕಿಗೆ ಇಳಿದಿರಲೇಬೇಕೆಂದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲಿಯೇ ಕಾದಿರಬಹುದು. ಆ ನಡುವೆ ವಿದ್ಯುತ್ ಹೋದರೆ ಕಡತದ ಹೆಸರು ಉಳಿದು ಒಡಲು ಬರಿದಾಗುತ್ತದೆ. ಕೆಲವೊಮ್ಮೆ ಗಾತ್ರವೂ ಸರಿಯಾಗಿದ್ದು ಒಳಗೆಲ್ಲ ಸೊನ್ನೆಗಳೇ ತುಂಬಿರುತ್ತವೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಇಂದು ಬಹುತೇಕ ಸಾಫ್ಟ್‌ವೇರ್ ತಂಡಗಳು ಬಳಸುವ ಗಿಟ್ ಎಂಬ ವ್ಯವಸ್ಥೆಯು ಈ ವಂಚನೆಯನ್ನು ಪತ್ತೆಹಚ್ಚಬಲ್ಲದು. ಅದರಲ್ಲಿ ದಾಖಲಾದ ಪ್ರತಿ ತುಣುಕಿನ ಹೆಸರನ್ನೂ ಅದರೊಳಗಿನ ಬರಹದಿಂದಲೇ ಲೆಕ್ಕ ಹಾಕಲಾಗಿರುತ್ತದೆ. ಒಂದಕ್ಷರ ಬದಲಾದರೂ ಹೆಸರಿಗೂ ಒಡಲಿಗೂ ತಾಳೆಯಾಗದು. ಗಿಟ್ ಎಫ್‌ಎಸ್‌ಸಿಕೆ ಎಂಬ ಆಜ್ಞೆಯು ಈ ತಾಳೆ ನೋಡುವ ಕೆಲಸವನ್ನೇ ಮಾಡುತ್ತದೆ.

ಗಾಬರಿಗೊಂಡವರು ಸಿಕ್ಕ ಸಿಕ್ಕ ಆಜ್ಞೆಗಳನ್ನೆಲ್ಲ ಇರುವ ಒಂದೇ ಪ್ರತಿಯ ಮೇಲೆ ಪ್ರಯೋಗಿಸಿ, ಉಳಿದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಮೊದಲು ಆ ಇಡೀ ಫೋಲ್ಡರನ್ನು, ಒಳಗಿನ ಅಡಗಿದ ಗಿಟ್ ಫೋಲ್ಡರ್ ಸಹಿತ, ಬೇರೊಂದು ಡಿಸ್ಕಿಗೆ ನಕಲಿಸಬೇಕು. ದುರಸ್ತಿಯೆಲ್ಲ ನಕಲಿನ ಮೇಲೆಯೇ ನಡೆಯಬೇಕು. ಬರಿದಾದ ತುಣುಕುಗಳನ್ನು ಬದಿಗಿರಿಸಿ, ಸರ್ವರಿನಿಂದಲೋ ಸಹೋದ್ಯೋಗಿಯ ಯಂತ್ರದಿಂದಲೋ ಮತ್ತೆ ತರಿಸಿಕೊಳ್ಳಬಹುದು. ಸಾಮಾನ್ಯವಾಗಿ ಗಿಟ್‌ನ ಪ್ರತಿ ನಕಲೂ ಪೂರ್ಣ ಇತಿಹಾಸವನ್ನು ಹೊತ್ತಿರುತ್ತದೆ. ಎಲ್ಲಿಯೂ ಕಳುಹಿಸದೆ ಉಳಿದ ಕೊನೆಯ ಕೆಲವು ದಿನಗಳ ಬರಹವೇ ಕಠಿಣ. ಅದು ಎಡಿಟರ್ ಇಟ್ಟುಕೊಂಡ ಹಳೆಯ ಪ್ರತಿಗಳಲ್ಲಿ ಸಿಕ್ಕರೆ ಸಿಕ್ಕೀತು. ಇಲ್ಲವಾದರೆ ನೆನಪೇ ಗತಿ.

ಪರೀಕ್ಷೆಯಿರುವುದು ಇಲ್ಲಿಯೇ. ನೆನಪಿನಿಂದ ಮರಳಿ ಬರೆದುದನ್ನು ಹಳೆಯದರೊಡನೆ ಸೇರಿಸಿ, ಏನೂ ಆಗಿಲ್ಲವೆಂಬಂತೆ ಒಪ್ಪಿಸಿಬಿಡುವ ಆಸೆ ಬಲವಾದುದು. ಹದೀಸ್ ಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಈಜಿಪ್ಟಿನ ಖಾಝಿ ಅಬ್ದುಲ್ಲಾಹ್ ಬಿನ್ ಲಹೀಅ ನೆನಪಾಗದಿರರು. ಹಿಜರಿ 174ರಲ್ಲಿ ನಿಧನರಾದ ಅವರ ಗ್ರಂಥಗಳು ಬೆಂಕಿಗೆ ಆಹುತಿಯಾದುವೆಂದೂ, ಅನಂತರದ ಅವರ ವರದಿಗಳಲ್ಲಿ ಬೆರಕೆ ಸೇರಿತೆಂದೂ ವಿದ್ವಾಂಸರು ದಾಖಲಿಸಿದ್ದಾರೆ. ಅನೇಕ ಮುಹದ್ದಿಸರು ಅವರ ವರದಿಗಳೆಲ್ಲವನ್ನೂ ತಿರಸ್ಕರಿಸಲಿಲ್ಲ, ಎಲ್ಲವನ್ನೂ ಒಪ್ಪಿಕೊಳ್ಳಲೂ ಇಲ್ಲ. ಅಬ್ದುಲ್ಲಾಹ್ ಬಿನ್ ಮುಬಾರಕ್, ಅಬ್ದುಲ್ಲಾಹ್ ಬಿನ್ ವಹಬ್‌ರಂತಹವರು ಮೊದಲೇ ಕೇಳಿಕೊಂಡಿದ್ದ ವರದಿಗಳನ್ನು ಬಲವಾದವೆಂದು ಬೇರೆಯಾಗಿ ಗುರುತಿಸಿದರು. ಖಾಝಿಯ ಗೌರವವಾಗಲಿ, ಅವರ ಮೇಲಿನ ಅನುಕಂಪವಾಗಲಿ ಆ ಗೆರೆಯನ್ನು ಅಳಿಸಲಿಲ್ಲ.

ನಮ್ಮ ಮಕ್ಕಳೂ ಅಂತಹ ಗೆರೆಯನ್ನು ಎಳೆಯಬೇಕು. ಇಂತಿಷ್ಟು ಸುರಕ್ಷಿತವಾಗಿ ಮರಳಿತು, ಇಂತಿಷ್ಟನ್ನು ಹೊಸದಾಗಿ ಬರೆದೆ, ಇದನ್ನು ಇನ್ನೊಮ್ಮೆ ಪರಿಶೀಲಿಸಿ ಎಂದು ದಾಖಲೆಯಲ್ಲಿಯೇ ಬರೆದು ಮಾಲಿಕರಿಗೆ ತಿಳಿಸಬೇಕು. ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಆದರೆ ಆ ಬರಹದ ಮೇಲೆ ಯಾರದೋ ಅಂಗಡಿಯ ಲೆಕ್ಕವೋ ಆಸ್ಪತ್ರೆಯ ಔಷಧಿ ಪಟ್ಟಿಯೋ ನಿಂತಿರುತ್ತದೆ.

ನಷ್ಟವನ್ನು ಯಾರು ಭರಿಸಬೇಕೆಂಬುದು ಉಳಿದ ಪ್ರಶ್ನೆ. ನಿರ್ಲಕ್ಷ್ಯವಾಗಲಿ ಅತಿಕ್ರಮವಾಗಲಿ ಇಲ್ಲದಿದ್ದರೆ ಅಮಾನತ್ತು ಇಟ್ಟುಕೊಂಡವನು ನಷ್ಟಕ್ಕೆ ಹೊಣೆಯಲ್ಲವೆಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಹಾಗಾದರೆ ನಿರ್ಲಕ್ಷ್ಯ ಯಾವುದು? ವಿದ್ಯುತ್ತು ಆಗಾಗ ಹೋಗುವ ಮನೆಯಲ್ಲಿ, ಪರರ ಕೆಲಸವನ್ನು ವಾರಗಟ್ಟಲೆ ಒಂದೇ ಯಂತ್ರದಲ್ಲಿ ಇಟ್ಟುಕೊಂಡಿರುವುದು ನಿರ್ಲಕ್ಷ್ಯವೇ ಎಂಬುದು ನನ್ನ ಅಭಿಪ್ರಾಯ. ಒಂಟೆಯನ್ನು ಕಟ್ಟಿ ಅನಂತರ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಕಳೆದುಹೋದುದನ್ನು ಮರಳಿ ಬರೆದ ದಿನಗಳಿಗೂ ಪ್ರತ್ಯೇಕ ವೇತನ ಕೇಳುವವರು, ಮೊದಲು ಊರಿನ ಉಲಮಾಗಳೊಡನೆ ಈ ವಿಷಯವನ್ನು ಬಿಚ್ಚಿ ಹೇಳಿ ಕೇಳಿಕೊಳ್ಳಲಿ.